ಕಡಲಿಲ್ಲದ ನಾಡೂ ಕಡಲಹಕ್ಕಿಯೂ

ಪ್ರಾಚೀನ ಕನ್ನಡದ ಮಹಾಕಾವ್ಯವೆಂದರೆ ಅದರಲ್ಲಿ ಅಷ್ಟಾದಶ ವರ್ಣನೆಗಳು ಇರಬೇಕೆಂಬುದು ಲಾಕ್ಷಣಿಕರ ಕಟ್ಟಳೆ. ಪುರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳ ಸಾಲಿನಲ್ಲಿ ಸಮುದ್ರಕ್ಕೂ ಅಲ್ಲೊಂದು ಪೀಠವುಂಟು. ಒಳನಾಡಿನ ಎರೆಭೂಮಿಯಲ್ಲಿ ಹುಟ್ಟಿ, ಜೋಳದ ಹೊಲಗಳ ನಡುವೆ ಬೆಳೆದ ಕವಿಗೂ ಈ ನಿಯಮದಿಂದ ವಿನಾಯಿತಿ ಇರಲಿಲ್ಲ. ತೆರೆಯನ್ನೂ ನೊರೆಯನ್ನೂ ಮಕರ ಮತ್ಸ್ಯಗಳನ್ನೂ ಅವನು ಬಣ್ಣಿಸಲೇಬೇಕು. ಇಂದಿನ ವಿದ್ಯಾರ್ಥಿಗೆ ಇದು ಬರಿಯ ಸಂಪ್ರದಾಯದ ಹೊರೆಯಾಗಿ ತೋರುವುದು ಸಹಜ. ಆದರೆ ಆ ಕಟ್ಟಳೆಯ ಹಿಂದೆ ಒಂದು ತಿಳಿವಳಿಕೆ ಅಡಗಿದೆ: ಕಡಲನ್ನು ಬಿಟ್ಟು ಬರೆದ ಲೋಕದ ಚಿತ್ರ ಪೂರ್ಣವಾಗದು.

ಆದಿಕವಿ ಪಂಪನ ಹೆಸರಿನೊಡನೆ ಬೆಸೆದುಕೊಂಡಿರುವ ಅಣ್ಣಿಗೇರಿಯಾಗಲಿ, ಅದರ ನೆರೆಯ ನವಲಗುಂದವಾಗಲಿ, ಕುಂದಗೋಳವಾಗಲಿ, ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಾಗಲಿ ಕಡಲನ್ನು ಕಂಡ ಊರುಗಳಲ್ಲ. ಇಲ್ಲಿನ ಜನಕ್ಕೆ ಕಡಲೆಂದರೆ ಗೋಕರ್ಣದ ಯಾತ್ರೆ, ಮುರುಡೇಶ್ವರದ ಪ್ರವಾಸ, ಮಕ್ಕಳು ಆಯ್ದು ತರುವ ನಾಲ್ಕು ಕಪ್ಪೆಚಿಪ್ಪು. ಇಂಥ ಸೀಮೆಯಲ್ಲಿ ಕಡಲಹಕ್ಕಿಗಳನ್ನೂ ಕಡಲಿನ ಜೀವಿಗಳನ್ನೂ ಕಾಪಾಡಬೇಕೆಂದು ಶಾಲೆಯ ಮಾಸ್ತರರೊಬ್ಬರು ಚಾವಡಿಯಲ್ಲಿ ಮಾತು ತೆಗೆದರೆ ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ: "ಅಲ್ರೀ ಮಾಸ್ತರ, ಹೊಲಕ್ಕ ನೀರಿಲ್ಲ, ಕುಡಿಯಾಕ ಸೈತ ಟ್ಯಾಂಕರ್ ಹಾದಿ ಕಾಯೂದಾಗೇತಿ. ಇಂಥಾದ್ರಾಗ ಕಡಲಹಕ್ಕೀ ಉಸಾಬರಿ ನಮಗ್ಯಾಕ?"

ಇದು ಉಡಾಫೆಯ ಮಾತಲ್ಲ. ನೀರಿಗಾಗಿ ತಲೆಮಾರುಗಳಿಂದ ಬವಣೆಪಟ್ಟ ಜನ ಕೇಳುವ ನ್ಯಾಯವಾದ ಪ್ರಶ್ನೆ. ಹಕ್ಕಿಗಳ ಚೆಲುವನ್ನು ಹೊಗಳಿದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಉತ್ತರವನ್ನು ನೀರಿನಿಂದಲೇ ಆರಂಭಿಸಬೇಕು.

ಧಾರವಾಡ ಜಿಲ್ಲೆ ನಿಂತಿರುವುದು ಎರಡು ಕಡಲುಗಳ ನಡುವಣ ನೀರ್ಗಂಬದ ಮೇಲೆ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಪಡುವಣಕ್ಕೆ ಹರಿದು ಅರಬೀ ಸಮುದ್ರವನ್ನೂ, ಇನ್ನೊಂದು ಪಾಲು ಮೂಡಣಕ್ಕೆ ಹರಿದು ಬಂಗಾಳ ಕೊಲ್ಲಿಯನ್ನೂ ಸೇರುತ್ತದೆ. ಧಾರವಾಡದ ದಕ್ಷಿಣಕ್ಕೆ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯ ನೀರು ಕಲಘಟಗಿಯ ಸೀಮೆಯಲ್ಲಿ ಬೇಡ್ತಿಯೊಡನೆ ಕೂಡಿ, ಯಲ್ಲಾಪುರದ ಕಾಡನ್ನು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೊಸ ಹೆಸರನ್ನು ತಳೆದು, ಸುಮಾರು 160 ಕಿಲೋಮೀಟರು ನಡೆದು ಅಂಕೋಲೆ ಗೋಕರ್ಣಗಳ ನಡುವೆ ಕಡಲನ್ನು ಸೇರುತ್ತದೆ. ಇತ್ತ ಬೆಣ್ಣೆಹಳ್ಳವು ಕುಂದಗೋಳ, ನವಲಗುಂದಗಳ ಎರೆಹೊಲಗಳನ್ನು ಸೀಳಿಕೊಂಡು ಹೋಗಿ ಮಲಪ್ರಭೆಯಲ್ಲಿ ಲೀನವಾಗುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆಯ ಕೊನೆಯ ನಿಲ್ದಾಣ ಆಂಧ್ರದ ಕರಾವಳಿ.

ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಬಲ್ಲ ಜನಕ್ಕೆ ಹಳ್ಳಹಳ್ಳ ಕೂಡಿದರೆ ಕಡಲು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕಲಘಟಗಿಯ ಸಂತೆ ಮುಗಿದ ಮೇಲೆ ಹಳ್ಳದ ದಂಡೆಗೆ ಹಾರಿಹೋದ ಪ್ಲಾಸ್ಟಿಕ್ ಚೀಲ ಬೇಸಗೆಯಲ್ಲಿ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡು ಕಾಯುತ್ತದೆ. ಮುಂಗಾರಿನ ಮೊದಲ ಹಳ್ಳ ಬಂದ ದಿನ ಅದರ ಪ್ರಯಾಣ ಮೊದಲಾಗುತ್ತದೆ. ಹತ್ತಿಗೆ ಸಿಂಪಡಿಸಿ ಉಳಿದ ವಿಷವನ್ನು ಡಬ್ಬಿ ಸಹಿತ ತೊಳೆದ ನೀರಿನ ಹಾದಿಯೂ ಅದೇ. ಕಡಲಿಲ್ಲದ ನಾಡಿಗೆ ಕಡಲಿನೊಡನೆ ಸಂಬಂಧವಿಲ್ಲವೆಂಬ ಮಾತು ಇಲ್ಲಿಗೆ ಮುರಿದು ಬೀಳುತ್ತದೆ. ಧಾರವಾಡದ ಹಳ್ಳಿಗಳು ಒಂದಲ್ಲ, ಎರಡು ಕಡಲುಗಳಿಗೆ ಮೇಲುದಂಡೆ.

ಆ ನೀರು ಕೊನೆಗೆ ತಲುಪುವ ಎಡೆಯಲ್ಲಿ ಯಾರಿದ್ದಾರೆಂಬುದನ್ನು ಒಮ್ಮೆ ನೋಡಬೇಕು. ಚಳಿಗಾಲದಲ್ಲಿ ಉತ್ತರ ಕನ್ನಡದ ಅಳಿವೆಗಳ ಮರಳದಿಣ್ಣೆಗಳ ಮೇಲೆ ಕಂದು ತಲೆಯ ಕಡಲಹಕ್ಕಿಗಳು ಗುಂಪುಗುಂಪಾಗಿ ಕುಳಿತಿರುತ್ತವೆ. ಅವು ಮರಿಮಾಡುವುದು ಮಧ್ಯ ಏಷ್ಯದ ಎತ್ತರದ ಸರೋವರಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಈ ಕರಾವಳಿಗೆ ಇಳಿದು ಬರುತ್ತವೆ. ಅವುಗಳೊಡನೆ, ಕವಲೊಡೆದ ಬಾಲದ ಚುರುಕು ಹಕ್ಕಿಗಳಾದ ರೀವಗಳು ತೆರೆಯ ಮೇಲೆ ತೇಲಿ ನಿಂತು, ಕಲ್ಲೆಸೆದಂತೆ ನೀರಿಗೆ ಬಿದ್ದು, ಮೀನು ಕಚ್ಚಿಕೊಂಡು ಏಳುತ್ತವೆ. ಕಡಲ ದಂಡೆಯ ಎತ್ತರದ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ದೊಡ್ಡ ಗೂಡು ಕಟ್ಟುತ್ತದೆ. ಒಂದೇ ಗೂಡನ್ನು ವರ್ಷದಿಂದ ವರ್ಷಕ್ಕೆ ರಿಪೇರಿ ಮಾಡಿಕೊಂಡು ಬಾಳುವ ಈ ಹದ್ದು ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಹಳೆಯ ಮರವೊಂದು ಉರುಳಿದರೆ ಒಂದು ಸಂಸಾರವೇ ಬೀದಿಪಾಲಾದಂತೆ.

ಮುರುಡೇಶ್ವರದ ಆಚೆಗೆ ಕಡಲ ನಡುವೆ ನೇತ್ರಾಣಿ ಎಂಬ ನಡುಗಡ್ಡೆಯಿದೆ. ಅದರ ಬಂಡೆಗಳು ಈ ಹದ್ದುಗಳಿಗೂ ಇತರ ಹಕ್ಕಿಗಳಿಗೂ ಆಸರೆ, ಸುತ್ತಲಿನ ನೀರು ಹವಳ ಮೀನುಗಳ ತಾಣ. ಆ ನಡುಗಡ್ಡೆಯನ್ನು ನೌಕಾದಳ ಗುಂಡಿನ ಗುರಿಯಭ್ಯಾಸಕ್ಕೆ ಬಳಸುತ್ತಿದ್ದುದನ್ನು ಪರಿಸರಾಸಕ್ತರು ಬಲವಾಗಿ ಆಕ್ಷೇಪಿಸಿದರು. ದೇಶರಕ್ಷಣೆ ದೊಡ್ಡದೇ ಹೌದು. ಆದರೆ ಗುರಿಯಿಡಲು ಬರಿಯ ಬಂಡೆ ಸಾಕು, ಗೂಡು ಬೇಕಿಲ್ಲ ಎಂಬುದು ಅವರ ವಾದದ ತಿರುಳಾಗಿತ್ತು.

ಹೊನ್ನಾವರದ ಕಾಸರಕೋಡಿನಂಥ ಮರಳದಂಡೆಗಳಿಗೆ ಚಳಿಗಾಲದ ಇರುಳುಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆ ತೆವಳಿಕೊಂಡು ಬಂದು, ಗುಣಿ ತೋಡಿ, ಸುಮಾರು ನೂರು ಮೊಟ್ಟೆಯಿಟ್ಟು, ಮರಳು ಮುಚ್ಚಿ, ತಿರುಗಿ ನೋಡದೆ ನೀರಿಗಿಳಿಯುತ್ತದೆ. ಒಂದೂವರೆ ತಿಂಗಳಿನ ಮೇಲೆ ಮರಿಗಳು ಹೊರಬಿದ್ದು, ಕಡಲಿನ ಮೇಲಣ ಮಂದ ಬೆಳಕನ್ನೇ ಗುರುತಿಟ್ಟುಕೊಂಡು ಓಡುತ್ತವೆ. ದಂಡೆಯಲ್ಲಿ ವಿದ್ಯುದ್ದೀಪ ಹತ್ತಿದರೆ ಅವು ದಿಕ್ಕುಗೆಟ್ಟು ರಸ್ತೆಯ ಕಡೆಗೆ ಹೋಗಿ ಸಾಯುತ್ತವೆ. ಆ ಗೂಡುಗಳಿಗೆ ಬಲೆಯ ಬೇಲಿ ಕಟ್ಟಿ, ಅರಣ್ಯ ಇಲಾಖೆಯೊಡನೆ ರಾತ್ರಿ ಕಾವಲು ಕಾಯುವವರಲ್ಲಿ ಅಲ್ಲಿನ ಮೀನುಗಾರರಿದ್ದಾರೆ. ಈಚಿನ ವರ್ಷಗಳಲ್ಲಿ ಅದೇ ಹೊನ್ನಾವರದ ಅಪ್ಸರಕೊಂಡ-ಮುಗಳಿ ಪ್ರದೇಶಕ್ಕೆ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮವೆಂಬ ಗೌರವ ದೊರೆತಿದೆ.

ಒಳನಾಡಿಗೂ ಅಳಿವೆಗೂ ಇರುವ ನಂಟನ್ನು ತೋರಿಸುವ ಒಂದು ದಿನಾಂಕವನ್ನು ಇಲ್ಲಿ ನೆನೆಯಬೇಕು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದವೊಂದನ್ನು ಮಾಡಿಕೊಂಡವು. ಭಾರತ ಅದಕ್ಕೆ ಸೇರಿದ್ದು 1982ರಲ್ಲಿ. ಕರ್ನಾಟಕದ ಮಟ್ಟಿಗೆ ಮೊದಲು ಆ ಪಟ್ಟಿಗೆ ಏರಿದ್ದು 2022ರಲ್ಲಿ ರಂಗನತಿಟ್ಟು. 2024ರ ಜನವರಿ 31ರಂದು ರಾಜ್ಯದ ಇನ್ನೂ ಮೂರು ತಾಣಗಳ ಸೇರ್ಪಡೆಯನ್ನು ಪ್ರಕಟಿಸಲಾಯಿತು. ಒಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ, ಇನ್ನೊಂದು ಕುಮಟೆಯ ಬಳಿಯ ಅಘನಾಶಿನಿ ಅಳಿವೆ, ಮತ್ತೊಂದು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಉಪ್ಪುನೀರಿನ ಅಳಿವೆಯೂ ಎರೆಸೀಮೆಯ ಕೆರೆಯೂ ಒಂದೇ ದಿನ ಒಂದೇ ಪಂಕ್ತಿಯಲ್ಲಿ ಕುಳಿತವು.

ಮಾಗಡಿ ಇಂದು ಗದಗ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ಧಾರವಾಡ ಜಿಲ್ಲೆಯದೇ ಊರು. ಹೊಲಗಳಿಗೆ ನೀರುಣಿಸಲೆಂದು ಹಿರಿಯರು ಕಟ್ಟಿಸಿದ ಸುಮಾರು 50 ಹೆಕ್ಟೇರಿನ ಆ ಕೆರೆಯಲ್ಲಿ 166 ಬಗೆಯ ಹಕ್ಕಿಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ 130 ವಲಸೆ ಬರುವವು. ಚಳಿಗಾಲದಲ್ಲಿ ಅಲ್ಲಿ ಎಂಟು ಸಾವಿರದಷ್ಟು ಹಕ್ಕಿಗಳು ನೆರೆಯುತ್ತವೆ. ಹಿಮಾಲಯದ ತೆಳುಗಾಳಿಯಲ್ಲಿ ಏಳು ಸಾವಿರ ಮೀಟರಿಗೂ ಮೇಲೆ ಹಾರಬಲ್ಲ ಪಟ್ಟೆತಲೆಯ ಹೆಬ್ಬಾತು ಅಲ್ಲಿನ ಮುಖ್ಯ ಅತಿಥಿ. ದಕ್ಷಿಣ ಭಾರತದಲ್ಲಿ ಅದು ಚಳಿಗಾಲ ಕಳೆಯುವ ದೊಡ್ಡ ಬೀಡುಗಳಲ್ಲಿ ಮಾಗಡಿಯೂ ಒಂದು. ಆ ಬಾತುಗಳು ಕೆರೆಯಲ್ಲಿ ತಂಗಿದರೂ ಹೊಟ್ಟೆ ತುಂಬಿಸಿಕೊಳ್ಳುವುದು ಸುತ್ತಣ ಹೊಲಗಳಲ್ಲಿ. ಹಿಂಗಾರಿ ಬೆಳೆಯಲ್ಲಿ ಒಂದಿಷ್ಟು ಪಾಲನ್ನು ಅವಕ್ಕೆ ಬಿಟ್ಟುಕೊಟ್ಟು ಸುಮ್ಮನಿರುವ ರೈತರೇ ಆ ಕೆರೆಯ ಹಕ್ಕಿಗಳ ನಿಜವಾದ ಪೋಷಕರು.

ಮಾಗಡಿಯ ಹಕ್ಕಿಗಳ ಪಟ್ಟಿಯಲ್ಲಿ ಹೊಳೆ ರೀವವೂ ಇದೆ. ಕಡಲ ರೀವಗಳ ಒಡಹುಟ್ಟೆನ್ನಬಹುದಾದ ಈ ಹಕ್ಕಿ ಒಳನಾಡಿನ ಹೊಳೆ ಕೆರೆಗಳನ್ನೇ ನೆಚ್ಚಿ ಬದುಕುತ್ತದೆ. ಗೂಡು ಕಟ್ಟುವ ಗೋಜಿಗೆ ಹೋಗದೆ, ಬೇಸಗೆಯಲ್ಲಿ ನೀರಿಳಿದು ಹೊರಬಿದ್ದ ಮರಳದಿಣ್ಣೆಯಲ್ಲಿ ಸಣ್ಣ ಕುಳಿ ಮಾಡಿ ಮೊಟ್ಟೆಯಿಡುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ವರ್ಷವರ್ಷವೂ ಸಾವಿರಾರು ರೀವಗಳು ಹೀಗೆ ಮರಿಮಾಡುತ್ತವೆ. ಮರಳು ತೆಗೆಯುವವರ ಲಾರಿ, ಅಕಾಲದಲ್ಲಿ ಏರುವ ನೀರು, ನಾಯಿಗಳ ಹಾವಳಿ ಇವು ಮೂರೂ ಅದರ ಮೊಟ್ಟೆಗೆ ಕಂಟಕ. ಇಂದು ಈ ಹಕ್ಕಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಮಲಪ್ರಭೆಯ ಮರಳನ್ನು ಬಗೆದವನು ಕಡಲಹಕ್ಕಿಯ ನೆಂಟನ ಮನೆಗೇ ಕೈಯಿಟ್ಟಂತಾಯಿತು.

"ಉಸಾಬರಿ ಯಾಕ" ಎಂದು ಕೇಳಿದ ರೈತನಿಗೆ ಕಡಲಹಕ್ಕಿ ಮಾಡಿದ ಉಪಕಾರವನ್ನೂ ಹೇಳಬೇಕು. ರಾಸಾಯನಿಕ ಗೊಬ್ಬರಗಳ ಬಳಕೆ ಇನ್ನೂ ವ್ಯಾಪಕವಾಗದಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು ಅಮೆರಿಕಗಳ ಸೊರಗಿದ ಹೊಲಗಳಿಗೆ ಕಸುವು ಕೊಟ್ಟದ್ದು ಗುವಾನೊ. ಗುವಾನೊ ಎಂದರೆ ಬೇರೇನೂ ಅಲ್ಲ, ಕಡಲಹಕ್ಕಿಗಳ ಹಿಕ್ಕೆ. ದಕ್ಷಿಣ ಅಮೆರಿಕದ ಪೆರು ದೇಶದ ಚಿಂಚಾ ನಡುಗಡ್ಡೆಗಳಲ್ಲಿ ಅದು ನೂರಾರು ವರ್ಷ ಬೆಟ್ಟದಂತೆ ಪೇರಿಕೊಂಡಿತ್ತು. ಹಿಂದೆ ಅಲ್ಲಿ ಆಳಿದ ಇಂಕಾ ಅರಸರು ಮರಿಮಾಡುವ ಕಾಲದಲ್ಲಿ ಆ ನಡುಗಡ್ಡೆಗೆ ಕಾಲಿಟ್ಟವನಿಗೂ ಹಕ್ಕಿಯನ್ನು ಕೊಂದವನಿಗೂ ಮರಣದಂಡನೆ ವಿಧಿಸುತ್ತಿದ್ದರೆಂದು ಗಾರ್ಸಿಲಾಸೊ ಎಂಬ ಇತಿಹಾಸಕಾರ 1609ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ಆಮೇಲೆ ಬಂದ ವ್ಯಾಪಾರಿಗಳಿಗೆ ಆ ವಿವೇಕವಿರಲಿಲ್ಲ. ಕೆಲವೇ ದಶಕಗಳಲ್ಲಿ ಬೆಟ್ಟ ಬರಿದಾಯಿತು. ಎಚ್ಚೆತ್ತ ಪೆರು ಸರಕಾರ 1909ರಲ್ಲಿ ಕಂಪನಿಯೊಂದನ್ನು ಸ್ಥಾಪಿಸಿ, ಹಕ್ಕಿಗಳಿಗೆ ಕಾವಲಿಟ್ಟು, ಅವು ಕೊಟ್ಟಷ್ಟನ್ನೇ ತೆಗೆಯುವ ಪದ್ಧತಿಯನ್ನು ತಂದಿತು. ಹಸುವನ್ನು ಕೊಂದು ಸಗಣಿಗಾಗಿ ಹುಡುಕಬಾರದೆಂಬುದು ಒಕ್ಕಲಿಗನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಕಡಲಹಕ್ಕಿಗಳ ಪರವಾಗಿ ಇಂಗ್ಲಂಡಿನಲ್ಲಿ ನಡೆದ ಚಳವಳಿಯ ಕತೆಯೂ ಬೋಧಪ್ರದವಾದದ್ದು. ಯಾರ್ಕ್‌ಶೈರ್ ಪ್ರಾಂತದ ಫ್ಲಾಂಬರೊ ಎಂಬಲ್ಲಿ ಕಡಲಿಗೆ ಚಾಚಿದ ಕಡಿದಾದ ಸುಣ್ಣಗಲ್ಲಿನ ಗೋಡೆಗಳಲ್ಲಿ ಲಕ್ಷಾಂತರ ಹಕ್ಕಿಗಳು ಮರಿಮಾಡುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪಟ್ಟಣಿಗರು ದೋಣಿ ಹತ್ತಿ ಬಂದು ಅವುಗಳನ್ನು ಬರಿಯ ಮೋಜಿಗಾಗಿ ಸುಟ್ಟು ಕೆಡಹುತ್ತಿದ್ದರು. ಹೆಂಗಸರ ಟೋಪಿಗಳ ಅಲಂಕಾರಕ್ಕೆ ರೆಕ್ಕೆಗಳು ಬೇಕಾದಾಗ ಜೀವಂತ ಹಕ್ಕಿಗಳ ರೆಕ್ಕೆ ಕತ್ತರಿಸಿ ನೀರಿಗೆಸೆದದ್ದೂ ಉಂಟು. 1868ರಲ್ಲಿ ಆಲ್‌ಫ್ರೆಡ್ ನ್ಯೂಟನ್ ಎಂಬ ಪ್ರಾಣಿಶಾಸ್ತ್ರಜ್ಞ ವಿಜ್ಞಾನಿಗಳ ಸಭೆಯಲ್ಲಿ ಈ ಕ್ರೌರ್ಯವನ್ನು ಖಂಡಿಸಿದ. ಬ್ರಿಡ್ಲಿಂಗ್ಟನ್ನಿನ ಪಾದ್ರಿಯೊಬ್ಬರು ಸಂಘ ಕಟ್ಟಿದರು. ಕ್ರಿಸ್ಟಫರ್ ಸೈಕ್ಸ್ ಎಂಬ ಸದಸ್ಯ ಪಾರ್ಲಿಮೆಂಟಿನಲ್ಲಿ ಮಸೂದೆ ಮಂಡಿಸಿದ. 1869ರಲ್ಲಿ ಅದು ಕಾಯಿದೆಯಾಗಿ, ಏಪ್ರಿಲಿನಿಂದ ಆಗಸ್ಟಿನ ತೊಡಗಿನವರೆಗೆ ಕಡಲಹಕ್ಕಿಗಳನ್ನು ಕೊಲ್ಲುವುದು ಅಪರಾಧವೆನಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಮಸೂದೆಗೆ ಬಲ ಬಂದದ್ದು ಕರುಣೆಯ ಮಾತಿನಿಂದ ಮಾತ್ರವಲ್ಲ. ಮಂಜು ಕವಿದ ದಿನ ಬಂಡೆ ಕಣ್ಣಿಗೆ ಕಾಣದು, ಆದರೆ ಅದರ ಮೇಲೆ ಕುಳಿತ ಹಕ್ಕಿಗಳ ಕೂಗು ಕಿವಿಗೆ ಬೀಳುತ್ತದೆ. ಹಡಗನ್ನು ತಿರುಗಿಸಿಕೊಳ್ಳಲು ಅದೇ ಸೂಚನೆ ಎಂಬುದು ನಾವಿಕರ ಅನುಭವ. ಹಕ್ಕಿಗಳು ಸುತ್ತುವ ಕಡೆಯಲ್ಲಿ ಮೀನಿನ ಹಿಂಡಿದೆಯೆಂಬುದು ಬೆಸ್ತರ ಅನುಭವ. ಅದಕ್ಕೂ ಇಪ್ಪತ್ತೈದು ವರ್ಷ ಹಿಂದೆ, 1844ರಲ್ಲಿ, ಐಸ್‌ಲ್ಯಾಂಡಿನ ಬಂಡೆಯೊಂದರ ಮೇಲೆ ದೊಡ್ಡ ಆಕ್ ಎಂಬ ಹಾರಲಾರದ ಕಡಲಹಕ್ಕಿಯ ಕೊನೆಯ ಜೋಡಿಯನ್ನು ಕೊಲ್ಲಲಾಗಿತ್ತು. ಅದರ ಪರವಾಗಿ ಮಾತಾಡುವವರು ಬರುವಷ್ಟರಲ್ಲಿ ಆ ಕುಲವೇ ಮುಗಿದಿತ್ತು. ರಕ್ಷಣೆಯ ಮಾತು ಕೊನೆಯ ಹಕ್ಕಿ ಬೀಳುವ ಮುಂಚೆ ಏಳಬೇಕು.

ಭಾರತದಲ್ಲಿಂದು 1972ರ ವನ್ಯಜೀವಿ ರಕ್ಷಣಾ ಕಾಯಿದೆ ಜಾರಿಯಲ್ಲಿದೆ. 2022ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಶಿಕ್ಷೆಗಳು ಬಿಗಿಯಾದವು. ಕಡಲ ಹದ್ದು, ಕಡಲಾಮೆಗಳಂಥ ಜೀವಿಗಳಿಗೆ ಮೊದಲನೆಯ ಪರಿಶಿಷ್ಟದ ರಕ್ಷೆಯುಂಟು. ಅವುಗಳನ್ನು ಬೇಟೆಯಾಡಿದವನಿಗೆ ಮೂರು ವರ್ಷದಿಂದ ಏಳು ವರ್ಷದವರೆಗೆ ಸೆರೆವಾಸ. ಆದರೆ ಕಾಯಿದೆ ಹಿಡಿಯಬಲ್ಲದ್ದು ಬಂದೂಕು ಹಿಡಿದ ಕೈಯನ್ನು. ಈ ಕಾಲದ ಬೇಟೆಗಾರನಿಗೆ ಬಂದೂಕೇ ಬೇಕಾಗಿಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎಣಿಕೆಗೆ ಸಿಕ್ಕ ಕಡಲಹಕ್ಕಿಗಳ ಸಂಖ್ಯೆ 1950ರಿಂದ 2010ರವರೆಗಿನ ಅರವತ್ತು ವರ್ಷಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಇಳಿದಿದೆ. ಅದೇ ವರ್ಷದ ಮತ್ತೊಂದು ಅಧ್ಯಯನದ ಅಂದಾಜಿನಂತೆ, ಇಂದು ಬದುಕಿರುವ ಕಡಲಹಕ್ಕಿಗಳಲ್ಲಿ ನೂರಕ್ಕೆ ತೊಂಬತ್ತರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸೇರಿದೆ.

ಹಕ್ಕಿ ಪ್ಲಾಸ್ಟಿಕನ್ನು ಏಕೆ ತಿನ್ನಬೇಕು? ಕಡಲಿನಲ್ಲಿ ಬಹುಕಾಲ ತೇಲಿದ ಪ್ಲಾಸ್ಟಿಕಿನ ಮೇಲೆ ಪಾಚಿ ಕಟ್ಟುತ್ತದೆ. ಪಾಚಿಯಿಂದ ಹೊಮ್ಮುವ ಗಂಧಕದ ವಾಸನೆಯೇ ಹಲವು ಕಡಲಹಕ್ಕಿಗಳಿಗೆ ಆಹಾರದ ಗುರುತು ಎಂಬುದನ್ನು 2016ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ತೋರಿಸಿಕೊಟ್ಟರು. ಮೂಗನ್ನು ನಂಬಿ ಹೊರಟ ಹಕ್ಕಿ ಮೋಸಹೋಗುತ್ತದೆ. ತಾನು ನುಂಗಿದ್ದನ್ನೇ ಗೂಡಿಗೆ ತಂದು ಮರಿಯ ಬಾಯಿಗಿಕ್ಕುತ್ತದೆ. ಹೊಟ್ಟೆ ತುಂಬಿದಂತಾಗಿ ಮರಿ ಉಪವಾಸ ಸಾಯುತ್ತದೆ. ತೆಳುವಾದ ಚೀಲವನ್ನು ಅಂಬಲಿಮೀನೆಂದು ಬಗೆದು ನುಂಗುವ ಆಮೆಯ ಪಾಡೂ ಇದೇ. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧವಾಯಿತು. ಆದರೂ ವಾರದ ಸಂತೆಯಲ್ಲಿ ಮೆಣಸಿನಕಾಯಿಯೂ ಕೊತ್ತಂಬರಿಯೂ ಆ ಚೀಲಗಳಲ್ಲೇ ಮನೆಗೆ ಬರುವುದನ್ನು ಯಾರೂ ನೋಡಬಹುದು.

ವಿಷದ ಕತೆ ಇನ್ನೂ ಹಳೆಯದು. ಅಮೆರಿಕದಲ್ಲಿ ಡಿಡಿಟಿಯನ್ನು ಧಾರಾಳವಾಗಿ ಬಳಸಿದ ಕಾಲದಲ್ಲಿ ಅದು ಹಳ್ಳಕೊಳ್ಳಗಳ ದಾರಿಯಿಂದ ಕಡಲಿಗಿಳಿದು, ಮೀನಿನ ಮೈಯಲ್ಲಿ ಕೂಡಿಕೊಂಡು, ಮೀನು ತಿಂದ ಹೆಜ್ಜಾರ್ಲೆಗಳ ಮೊಟ್ಟೆಯ ಚಿಪ್ಪನ್ನು ತ

ೆಳುವಾಗಿಸಿತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯತೊಡಗಿತು. 1970ರಲ್ಲಿ ಕ್ಯಾಲಿಫೋರ್ನಿಯದ ಅನಕಾಪಾ ನಡುಗಡ್ಡೆಯಲ್ಲಿ ಐದುನೂರಕ್ಕೂ ಮಿಕ್ಕ ಗೂಡುಗಳಿಂದ ಉಳಿದದ್ದು ಒಂದೇ ಮರಿ. ಇಂಥ ವಿಷಗಳ ಬಗ್ಗೆ ಲೋಕವನ್ನು 1962ರಲ್ಲಿ ಎಚ್ಚರಿಸಿದ ರೇಚಲ್ ಕಾರ್ಸನ್ ಕಡಲಿನ ಜೀವಶಾಸ್ತ್ರವನ್ನೇ ಅಭ್ಯಸಿಸಿದ ಲೇಖಕಿ. 1972ರಲ್ಲಿ ಅಲ್ಲಿ ಡಿಡಿಟಿಗೆ ನಿಷೇಧ ಬಂತು, ಹೆಜ್ಜಾರ್ಲೆಗಳು ಚೇತರಿಸಿಕೊಂಡವು, 2009ರಲ್ಲಿ ಅವುಗಳನ್ನು ಅಪಾಯದ ಪಟ್ಟಿಯಿಂದಲೇ ತೆಗೆಯಲಾಯಿತು. ಕಾಸರಗೋಡು, ದಕ್ಷಿಣ ಕನ್ನಡಗಳ ಗೇರುತೋಪುಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನು ಮನುಷ್ಯರ ಬಾಳನ್ನೇ ಹೇಗೆ ನುಚ್ಚುನೂರು ಮಾಡಿತೆಂಬುದು ಕನ್ನಡಿಗರೆಲ್ಲರೂ ಬಲ್ಲ ಮಾತು. ಅದನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಹಕ್ಕಿಯ ಮೊಟ್ಟೆಯಲ್ಲಿ ಮೊದಲು ಕಂಡ ಕೇಡು ಮನುಷ್ಯನ ತೊಟ್ಟಿಲಿಗೆ ಬರಲು ಬಹಳ ಕಾಲ ಬೇಕಾಗುವುದಿಲ್ಲ.

ಹಕ್ಕಿಯನ್ನು ಉಳಿಸಲು ದುಡಿಯುವ ಕೈಗಳನ್ನು ಕಟ್ಟಿಹಾಕಬೇಕೆಂದೇನೂ ಇಲ್ಲ. ದೂರದ ಕಡಲುಗಳಲ್ಲಿ ಮೈಲುಗಟ್ಟಲೆ ಉದ್ದದ ಗಾಳದ ಸಾಲು ಬಿಡುವ ಹಡಗುಗಳ ಹಿಂದೆ ಆಲ್ಬಟ್ರಾಸ್ ಹಕ್ಕಿಗಳು ಹಾರಿಬಂದು, ಎರೆಗೆ ಬಾಯಿ ಹಾಕಿ, ಗಾಳಕ್ಕೆ ಸಿಕ್ಕಿ ಮುಳುಗಿ ಸಾಯುತ್ತಿದ್ದವು. ಎರೆ ಪೋಲಾಗುವುದನ್ನು ಕಂಡ ಜಪಾನಿನ ಮೀನುಗಾರರು ಹಡಗಿನ ಹಿಂದೆ ಬಣ್ಣದ ಪಟ್ಟಿಗಳನ್ನು ಕಟ್ಟಿದ ಹಗ್ಗವೊಂದನ್ನು ಇಳಿಬಿಟ್ಟರು. ಹಕ್ಕಿ ಬೆದರಿ ದೂರವಾಯಿತು. ಎರೆಯೂ ಉಳಿಯಿತು, ಹಕ್ಕಿಯೂ ಉಳಿಯಿತು. ಜೋಳ ಹಾಲುಗಟ್ಟುವ ಹೊತ್ತಿಗೆ ಹೊಲದ ಸುತ್ತ ಹೊಳೆಯುವ ಪಟ್ಟಿ ಕಟ್ಟಿ ಗುಬ್ಬಿಗಳನ್ನು ಓಡಿಸುವ ನವಲಗುಂದದ ರೈತ ಈ ಉಪಾಯವನ್ನು ಕೇಳಿದರೆ ನಕ್ಕಾನು. ಅವನ ಮನೆಯ ವಿದ್ಯೆಯೇ ಅದು.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ಮಾತು. ಈ ಸೀಮೆಯ ಸಭೆಗಳಲ್ಲಿ ಪದೇಪದೇ ಕೇಳಿಬರುವುದು "ಕಡಲಿಗೆ ವ್ಯರ್ಥವಾಗಿ ಹರಿದುಹೋಗುವ ನೀರು" ಎಂಬ ನುಡಿ. ಕಳಸಾ-ಬಂಡೂರಿ ಹೋರಾಟದ ಹಿಂದಿರುವ ಬಾಯಾರಿಕೆ ಸುಳ್ಳಲ್ಲ. 1980ರ ಜುಲೈಯಲ್ಲಿ ನವಲಗುಂದ, ನರಗುಂದಗಳ ರೈತರು ಬೀದಿಗಿಳಿದು ಗುಂಡಿಗೆ ಎದೆಯೊಡ್ಡಿದ್ದೂ ಮಲಪ್ರಭೆಯ ನೀರಿನ ಕರದ ಪ್ರಶ್ನೆಯಿಂದಲೇ. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯಲ್ಲಿ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ಕುಡಿಯುವ ನೀರಿನ ಆ ಹಕ್ಕನ್ನು ಹಕ್ಕಿಗಳ ಹೆಸರಿನಲ್ಲಿ ಅಲ್ಲಗಳೆಯುವುದು ಅನ್ಯಾಯ. ಆದರೆ "ವ್ಯರ್ಥ" ಎಂಬ ಆ ಒಂದು ಮಾತು ಮಾತ್ರ ನಿಜವಲ್ಲ.

ಕಡಲಿಗೆ ಸೇರುವ ಸಿಹಿನೀರು ಏನು ಮಾಡುತ್ತದೆಂಬುದನ್ನು ಅಘನಾಶಿನಿಯಲ್ಲಿ ನೋಡಬಹುದು. ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ಆ ಹೊಳೆ ಘಟ್ಟದ ಮೆಕ್ಕಲನ್ನು ಅಳಿವೆಗೆ ತಂದು ಸುರಿಯುತ್ತದೆ. ಸಿಹಿನೀರೂ ಉಪ್ಪುನೀರೂ ಬೆರೆತ ಅಲ್ಲಿನ ಕೆಸರಿನಲ್ಲಿ ಚಿಪ್ಪಿಕಲ್ಲು ಬೆಳೆಯುತ್ತದೆ, ಮೀನಿನ ಮರಿ ದೊಡ್ಡದಾಗುತ್ತದೆ, ಗಜನಿ ಗದ್ದೆಯಲ್ಲಿ ಉಪ್ಪನ್ನು ತಾಳಬಲ್ಲ ಕಗ್ಗ ಭತ್ತ ತೆನೆಬಿಡುತ್ತದೆ. ಆರು ಸಾವಿರಕ್ಕೂ ಮಿಕ್ಕ ಕುಟುಂಬಗಳ ಅನ್ನ ಆ ಅಳಿವೆಯಲ್ಲಿದೆ. ಹಕ್ಕಿಗಳು ಅಲ್ಲಿಗೆ ಬರುವುದೂ ಅದೇ ಅನ್ನದ ಪಾಲಿಗಾಗಿ. ನದಿಯ ನೀರಿನಲ್ಲಿ ಎಷ್ಟನ್ನು ಮೇಲುದಂಡೆಯವರು ಪಡೆಯಬೇಕು, ಎಷ್ಟನ್ನು ಕೆಳಗೆ ಬಿಡಬೇಕು ಎಂಬುದು ಲೆಕ್ಕ ಹಾಕಿ ತೀರ್ಮಾನಿಸಬೇಕಾದ ಪ್ರಶ್ನೆ. ಕೆಳಗಿನವನ ಪಾಲನ್ನು ಸೊನ್ನೆಯೆಂದು ಬರೆದುಕೊಂಡು ಆ ಲೆಕ್ಕ ಆರಂಭಿಸಬಾರದು. ಕಾಲುವೆಯ ತುದಿಯ ಹೊಲಕ್ಕೆ ನೀರು ಬಾರದ ಸಂಕಟವನ್ನು ಉಂಡ ನವಲಗುಂದದ ರೈತನಿಗೆ ಇದು ಬೇಗ ತಿಳಿದೀತು. ಅಳಿವೆಯೆಂಬುದು ನದಿಯೆಂಬ ಕಾಲುವೆಯ ತುದಿಯ ಹೊಲ.

ಬೇಡ್ತಿಯ ದಂಡೆಯ ಜನ ಇಂಥ ಲೆಕ್ಕವನ್ನು ಒಮ್ಮೆ ಮಾಡಿ ತೋರಿಸಿದ್ದಾರೆ. ಆ ಹೊಳೆಗೆ ಜಲವಿದ್ಯುತ್ತಿನ ಅಣೆಕಟ್ಟು ಬರಲಿದ್ದಾಗ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ 1981ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ಇಂಜಿನಿಯರರನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ಲಾಭನಷ್ಟಗಳನ್ನು ಬಿಡಿಸಿ ನೋಡಿತು. ಅಡಿಕೆ ಬೆಳೆಗಾರರ ಸಂಘವೊಂದು ಸರಕಾರದ ಯೋಜನೆಯನ್ನು ಹೀಗೆ ಅಂಕಿ ಅಂಶಗಳಿಂದ ಪ್ರಶ್ನಿಸಿದ್ದು ಅಪೂರ್ವ ಸಂಗತಿ. ಯೋಜನೆ ಮುಂದೆ ಸಾಗಲಿಲ್ಲ. ಚಳವಳಿಯೆಂದರೆ ಘೋಷಣೆ ಮಾತ್ರವಲ್ಲ, ಲೆಕ್ಕದ ಪುಸ್ತಕವೂ ಹೌದು ಎಂಬುದನ್ನು ಆ ಹೊಳೆಯ ಕೆಳದಂಡೆ ಕಲಿಸಿತು. ಅದೇ ಹೊಳೆಯ ಮೇಲುದಂಡೆಯ ಕಲಘಟಗಿಗೆ ಆ ಪಾಠ ಪರಕೀಯವಾಗಬೇಕಾಗಿಲ್ಲ.

ಹಾಗಾದರೆ ಹಳ್ಳಿಯವರು ಮಾಡಬೇಕಾದುದೇನು? ಕಡಲಿಗೆ ಹೋಗಿ ಕಾವಲು ಕಾಯಬೇಕೆಂದು ಯಾರೂ ಕೇಳುವುದಿಲ್ಲ. ಗ್ರಾಮಸಭೆಯಲ್ಲಿ ನಾಲ್ಕು ಠರಾವು ಮಾಡಿದರೆ ಸಾಕು. ಊರಿನ ಕಸವನ್ನು ಹಳ್ಳದ ದಂಡೆಗೆ ಸುರಿಯಬಾರದು. ಈಗಾಗಲೇ ಸುರಿದದ್ದನ್ನು ಮುಂಗಾರು ಬರುವ ಮುಂಚೆ ಎತ್ತಿಸಬೇಕು. ಎಣ್ಣೆ ಹೊಡೆದ ಪಂಪನ್ನೂ ಡಬ್ಬಿಯನ್ನೂ ಹಳ್ಳ ಕೆರೆಗಳಲ್ಲಿ ತೊಳೆಯಬಾರದು. ತೊಳೆದ ನೀರು ಹೊಲದಲ್ಲೇ ಇಂಗಬೇಕು. ಸಂತೆಗೆ ಬಟ್ಟೆಯ ಚೀಲ ತರುವ ಹಳೆಯ ರೂಢಿ ತಿರುಗಿ ಬರಬೇಕು. ಅದಕ್ಕೆ ಹೊಸ ಕಾಯಿದೆ ಬೇಡ, ಮನೆಯ ಹಿರಿಯಳ ಒಂದು ಮಾತು ಸಾಕು. ಊರ ಕೆರೆಯ ಅಂಗಳದ ಒತ್ತುವರಿಯನ್ನು ಬಿಡಿಸಿ, ಚಳಿಗಾಲದ ನಾಲ್ಕು ತಿಂಗಳು ಅಲ್ಲಿ ಕಲ್ಲು, ಕವಣೆ, ಬಲೆಗಳಿಗೆ ಎಡೆಗೊಡಬಾರದು. ಈ ನಾಲ್ಕರಿಂದಲೂ ಮೊದಲು ಲಾಭವಾಗುವುದು ಊರಿನ ದನಕರುಗಳಿಗೆ, ಊರಿನ ಬಾವಿಗಳಿಗೆ. ಕಡಲಹಕ್ಕಿಗೆ ಸಿಗುವುದು ಆಮೇಲಿನ ಪಾಲು.

ಸರಕಾರವನ್ನು ಕೇಳಬೇಕಾದುದೂ ಉಂಟು. ಪಟ್ಟಣಗಳ ಚರಂಡಿಯ ನೀರು ಶುದ್ಧಿಯಾಗದೆ ಹೊಳೆಗೆ ಬೀಳಬಾರದು; ಮಾಗಡಿಗೆ ದೊರೆತ ರಕ್ಷಣೆಯನ್ನು ಹಕ್ಕಿಗಳು ತಂಗುವ ಇತರ ಕೆರೆಗಳಿಗೂ ವಿಸ್ತರಿಸಬೇಕು; ಹಕ್ಕಿಗಳಿಗೆ ಬೆಳೆ ಬಿಟ್ಟುಕೊಟ್ಟ ರೈತನ ನಷ್ಟಕ್ಕೆ ಯೋಗ್ಯ ಪರಿಹಾರ ಬೇಕು. ಇವನ್ನು ಕರಾವಳಿಯ ಮೀನುಗಾರರು ಮಾತ್ರ ಕೇಳಿದರೆ ಅದು ಕರಾವಳಿಯ ದೂರಾಗಿ ಉಳಿಯುತ್ತದೆ. ನವಲಗುಂದ ಅಣ್ಣಿಗೇರಿಗಳ ಒಕ್ಕಲಿಗರೂ ದನಿಗೂಡಿಸಿದರೆ ಅದು ನಾಡಿನ ಬೇಡಿಕೆಯಾಗುತ್ತದೆ. ಆಗ ಕರಾವಳಿಯ ಜನರೂ ಎರೆಸೀಮೆಯ ಬಾಯಾರಿಕೆಯ ಮಾತನ್ನು ಸಹಾನುಭೂತಿಯಿಂದ ಕೇಳುವ ದಾರಿ ತೆರೆದೀತು. ಹೊಳೆಯ ಎರಡು ತುದಿಗಳ ಜನ ಇದುವರೆಗೆ ಒಬ್ಬರನ್ನೊಬ್ಬರು ಕಂಡದ್ದು ಬಹುಮಟ್ಟಿಗೆ ಯಾತ್ರೆಯಲ್ಲಿ ಇಲ್ಲವೇ ವ್ಯಾಜ್ಯದಲ್ಲಿ. ಹಕ್ಕಿಗಳ ನೆಪದಿಂದ ಅವರು ಒಂದೆಡೆ ಕುಳಿತು ಮಾತಾಡುವಂತಾದರೆ ಅದೇನು ಸಣ್ಣ ಲಾಭವಲ್ಲ.

ಬೇಸಗೆಯಲ್ಲಿ ಬೆಣ್ಣೆಹಳ್ಳ ಒಣಗಿ ಮಲಗಿರುತ್ತದೆ. ಅದರ ಪಾತ್ರದಲ್ಲಿ ಬಿದ್ದದ್ದನ್ನೆಲ್ಲ ಆರಿಸಿ ತೆಗೆಯಲು ಅದೇ ತಕ್ಕ ಕಾಲ. ಮಳೆ ಹಿಡಿದ ಮೇಲೆ ಆ ಕೆಲಸ ಯಾರ ಕೈಯಲ್ಲೂ ಇರುವುದಿಲ್ಲ.